ಸುಮ್ಮನೆ ಕೂತಿದ್ದ ನಾಲ್ಕು ತಂತಿ

ಹಲಗೂರಿನ ಬಸ್ ಸ್ಟಾಪಿನಲ್ಲಿ ಇಳಿದು, ಎದುರಿಗೆ ಸಿಕ್ಕವರನ್ನು ತಡೆದು, ‘ಇಂಟರ್ನೆಟ್ಟು ಕೆಟ್ಟೋಗಿದೆ, ಯಾರ ಹತ್ರ ಹೋಗ್ಲಿ?’ ಅಂತ ಕೇಳಿ ನೋಡಿ. ನನ್ನ ಹೆಸರು ಹೇಳುತ್ತಾರೆ. ಹೇಳಲಿಲ್ಲ ಅಂದರೆ ಅವರು ಹಲಗೂರಿನವರಲ್ಲ, ಬಸ್ಸು ತಪ್ಪಿಸಿಕೊಂಡು ನಿಂತ ಬೇರೆ ಕಡೆಯವರು. ರಾಜೇಂದ್ರ ಕಾಲಿಟ್ಟ ಅಂದರೆ ಮಾಡೆಮ್ಮಿನ ಕೆಂಪು ದೀಪ ಹೆದರಿಕೆಗೇ ಹಸಿರಾಗುತ್ತದೆ. ಕಿರುಗಾವಲಿನ ಸಂಪತ್ ಕುಮಾರ್ ಮೇಷ್ಟ್ರ ಕಂಪ್ಯೂಟರನ್ನು ನಾನು ಇಲ್ಲಿ ಮುದ್ದೆ ನುಂಗುತ್ತಾ ಫೋನಿನಲ್ಲೇ ರಿಪೇರಿ ಮಾಡಿದವನು. ‘ಪ್ಲಗ್ಗು ಚುಚ್ಚಿ ಮೇಷ್ಟ್ರೇ’ ಅಂದೆ. ಚುಚ್ಚಿದರು. ಆನ್ ಆಯಿತು. ಇಂಥ ವಿದ್ಯೆ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ನನಗೆ ತೋರಿಸಿ, ನಾನು ಅಂಗಡಿ ಮುಚ್ಚುತ್ತೇನೆ.

ಆ ಶನಿವಾರ ಮಧ್ಯಾಹ್ನ ಒಂದೂವರೆಗೆ ಮಹದೇವು ಫೋನು ಬಂತು. ಮಹದೇವು ಹಲಗೂರಿಂದ ನಾಲ್ಕು ಮೈಲಿ ಆಚೆ ರೇಷ್ಮೆ ಹುಳ ಸಾಕುವವನು, ನನ್ನ ಜೊತೆ ಹೈಸ್ಕೂಲು ಓದಿದವನು, ಓದಿದವನು ಅಂದರೆ ಪಕ್ಕದಲ್ಲಿ ಕೂತಿದ್ದವನು.

“ಲೇ ರಾಜೇಂದ್ರ, ಎಲ್ಲಿದ್ದೀಯ್ಲಾ? ಹೋದ ತಿಂಗ್ಳು ನೀನ್ ಮಾಡ್ದ ರಿಪೇರಿ ಎಕ್ಕುಟ್ಟೋಯ್ತು ಕಣ್ಲಾ. ಇಂಟ್ರುನೆಟ್ಟು ಮತ್ತೆ ತೆವಳ್ತಾ ಐತೆ. ನಾಲ್ಕ್ ಗಂಟ್ಗೆ ಇವ್ಳ ಪಾಠ. ಇವತ್ತೂ ಕೈಕೊಟ್ರೆ ಆ ಕೆಲ್ಸ ಓದಂಗೇಯ.”

“ನನ್ ರಿಪೇರಿ ಎಕ್ಕುಟ್ಟೋಗಲ್ಲ. ನಿಮ್ಮನೇರು ಎಕ್ಕುಡ್ಸಿರ್ತೀರ. ಬತ್ತೀನಿರು” ಅಂದೆ.

ವಿಷಯ ಇಷ್ಟು. ಮಹದೇವು ಹೆಂಡತಿ ನಾಗಶ್ರೀ ಲೆಕ್ಕದಲ್ಲಿ ಎಂಎಸ್ಸಿ. ಮಳವಳ್ಳಿಯ ಶಾಲೆಯೊಂದರಲ್ಲಿ ಆರು ವರ್ಷ ಪಾಠ ಮಾಡಿದ್ದಳು. ಆ ಶಾಲೆ ಮುಚ್ಚಿದ ಮೇಲೆ ಎರಡು ವರ್ಷ ಮನೆಯಲ್ಲೇ ಇದ್ದಳು. ಹಾಲಿನ ಡೇರಿಯವನು ತಪ್ಪು ಕೂಡಿದರೆ ತಿದ್ದುವುದು ಬಿಟ್ಟರೆ ಅವಳ ಎಂಎಸ್ಸಿಗೆ ಬೇರೆ ಕೆಲಸವಿರಲಿಲ್ಲ. ಈಗ ಕಂಪ್ಯೂಟರಿನಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕಂಪನಿಯೊಂದು ಕರೆದಿತ್ತು. ಷರತ್ತು ಎರಡೇ: ವೈರಿನ ಇಂಟರ್ನೆಟ್ಟೇ ಇರಬೇಕು, ಮಾದರಿ ಪಾಠದಲ್ಲಿ ಚಿತ್ರ ನಿಲ್ಲಬಾರದು. ಹೋದ ತಿಂಗಳ ಮಾದರಿ ಪಾಠದಲ್ಲಿ ಅವಳ ಚಿತ್ರ ಬಾಯಿ ತೆರೆದುಕೊಂಡು ನಿಂತುಬಿಟ್ಟಿತ್ತು. ‘ಕೇಳಿಸ್ತಾ ಇದೆಯಾ?’ ಅಂತ ಇಪ್ಪತ್ತಮೂರು ಸಲ ಕೇಳಿದ್ದಳಂತೆ. ನಾನಾಗಿದ್ದರೆ ಐನೂರು ಸಲ ಅನ್ನುತ್ತಿದ್ದೆ, ಅವಳು ಎಣಿಸಿಟ್ಟಿದ್ದಳು. ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟು, ಇದೇ ಕೊನೆಯದು ಅಂತ ಬರೆದಿದ್ದರು.

ಆಗಲೂ ನಾನೇ ಹೋಗಿದ್ದೆ. ಮಾಡೆಮ್ಮಿಗೆ ಬಾಯಲ್ಲಿ ಉಫ್ ಅಂತ ಊದಿ, ಆಫ್ ಮಾಡಿ ಆನ್ ಮಾಡಿ, ಎರಡು ದಿನ ಕಾಯಿರಿ ಅಂದಿದ್ದೆ. ಎರಡನೇ ದಿನಕ್ಕೆ ಬಾಣದ ಹಾಗೆ ಓಡಿತ್ತು. ಆ ಊದಿನ ಸುದ್ದಿಯನ್ನು ನಾನು ಬೆಳಕವಾಡಿಯವರೆಗೂ ಮುಟ್ಟಿಸಿದ್ದೆ.

ಬೈಕು ನಿಲ್ಲಿಸಿದಾಗ ನಾಗಶ್ರೀ ನಡುಮನೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಹಿಂದಿನ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಮುಂದೆ ಹಲಗೆ ಇಟ್ಟು, ಒಳ್ಳೆ ಸೀರೆ ಉಟ್ಟು ರೆಡಿಯಾಗಿದ್ದಳು. ಮುಖ ಮಾತ್ರ ಪರೀಕ್ಷೆಗೆ ಬಂದ ಹುಡುಗಿಯ ಹಾಗಿತ್ತು.

“ಇಪ್ಪತ್ತು ಬೇಕು ರಾಜೇಂದ್ರಣ್ಣ, ಎರಡು ಬರ್ತಾ ಇದೆ” ಅಂದಳು. ಪರದೆಯಲ್ಲಿ ಸ್ಪೀಡು ತೋರಿಸುವ ಮುಳ್ಳು ಎರಡರ ಹತ್ತಿರ ಒದ್ದಾಡುತ್ತಿತ್ತು. “ನಾನೊಂದು ಪುಸ್ತಕದಲ್ಲಿ ಬರೆದಿಟ್ಟಿದೀನಿ, ಯಾವಾಗ್ಯಾವಾಗ ನಿಧಾನ ಆಯ್ತು ಅಂತ...”

“ಪುಸ್ತಕ ಆ ಕಡೆ ಮಡಗಮ್ಮ. ರೋಗ ಹಿಡಿಯೋಕೆ ನಾಡಿ ಸಾಕು” ಅಂದೆ.

ನಾಡಿ ಹಿಡಿದೆ. ಅಂದರೆ ಮೌಸು ಹಿಡಿದೆ. ‘ವೈರಸ್ಸು’ ಅಂತ ಮೊದಲು ಘೋಷಿಸಿದೆ, ಯಾಕೆಂದರೆ ಅದು ಯಾರ ಮೇಲೂ ಆರೋಪ ಹೊರಿಸದ ಮಾತು. ಸಾವಿರಾರು ಕಡತ ಅಳಿಸಿದೆ. ಸರಿಯಾಗಿ ಎಣಿಸಿದರೆ ಹನ್ನೊಂದು. ಕಂಪ್ಯೂಟರನ್ನು ನಾಲ್ಕು ಸಲ ಆರಿಸಿ ಹೊತ್ತಿಸಿದೆ. ಡಬ್ಬಿ ಬಿಚ್ಚಿ ಧೂಳು ಹೊಡೆದೆ, ಅದರೊಳಗಿಂದ ಒಂದು ಹಲ್ಲಿಯ ಸಂಸಾರವೇ ಹೊರಗೆ ಬಂತು. ಮುಳ್ಳು ಎರಡು ಬಿಟ್ಟು ಅಲ್ಲಾಡಲಿಲ್ಲ. ಈ ನಡುವೆ ಅಡುಗೆಮನೆ ಬಾಗಿಲ ಮೇಲಿನ ಬೆಲ್ಲು ‘ಟ್ರಿಂಗ್’ ಅನ್ನುವುದು, ಮಹದೇವು ಸೊಪ್ಪಿನ ಹೊರೆ ಹೊತ್ತು ಓಡುವುದು. ‘ಟ್ರಿಂಗ್ ಟ್ರಿಂಗ್’ ಅನ್ನುವುದು, ಕಾಫಿ ಲೋಟ ಹಿಡಿದು ಓಡುವುದು, ನಡೆದೇ ಇತ್ತು. ಎರಡು ಟ್ರಿಂಗು ಕೇಳಿದಾಗೆಲ್ಲ, “ನನಗೂ ಒಂದು ಲೋಟ ಇರ್ಲಿ ಕಣ್ಲಾ” ಅಂತ ನಾನೂ ಕೂಗಿದೆ.

ಆ ಬೆಲ್ಲಿನ ಕಥೆ ಹೇಳಬೇಕು. ಮನೆಗೂ ರಸ್ತೆ ಬದಿಯ ಹುಳದ ಮನೆಗೂ ನೂರಿಪ್ಪತ್ತು ಅಡಿ ದೂರ. ಅಲ್ಲಿ ತಟ್ಟೆ ತಟ್ಟೆಯಾಗಿ ಎಂಬತ್ತು ಸಾವಿರ ಹುಳ. ನಾನು ಹೊರಗೆ ಹೇಳುವಾಗ ಮೂರು ಲಕ್ಷ ಅನ್ನುತ್ತೇನೆ. ಈ ವರ್ಷದ ಮೊದಲ ಬೆಳೆಗೆ ಸುಣ್ಣಕಟ್ಟು ರೋಗ ಬಂದು, ಹುಳಗಳೆಲ್ಲ ಸೀಮೆಸುಣ್ಣದ ಚೂರಿನ ಹಾಗೆ ಬೆಳ್ಳಗೆ ಸೆಟೆದು ಸತ್ತಿದ್ದವು. ಅಂದಿನಿಂದ ಮಹದೇವು ತಾಯಿ ಬೆಳ್ಳಮ್ಮ ಕಾನೂನು ಮಾಡಿದ್ದಳು. ಹುಳ ನಾಲ್ಕನೇ ಜ್ವರ ಕಳೆದು, ಅಂದರೆ ಕೊನೇ ಸಲ ಪೊರೆ ಬಿಟ್ಟು ಎದ್ದಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನ ಅವಳೊಬ್ಬಳೇ ಒಳಗೆ. ಮಿಕ್ಕವರು ಸೊಪ್ಪನ್ನು ಹೊಸಲಿನಲ್ಲಿಟ್ಟು ಹೋಗಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಂಡ ಮೇಲೆ ಕೂಗಲು ಆಗುವುದಿಲ್ಲವಲ್ಲ, ಅದಕ್ಕೇ ಬೆಲ್ಲು. ಒಂದು ಒತ್ತಿದರೆ ಸೊಪ್ಪು, ಎರಡು ಒತ್ತಿದರೆ ಕಾಫಿ, ಮೂರು ಒತ್ತಿದರೆ ‘ಯಾರಾರ ಸತ್ರಾ ಮನೇಲಿ?’.

ಇಂಟರ್ನೆಟ್ಟಿನ ಲೈನು ಬರುವುದೂ ರಸ್ತೆ ಕಂಬದಿಂದ ಆ ಹುಳದ ಮನೆಯ ಜಗುಲಿಗೇ. ಮಾಡೆಮ್ಮು ಅಲ್ಲೇ ಗೂಟದಲ್ಲಿ ನೇತಾಡುತ್ತಿತ್ತು. ಅಲ್ಲಿಂದ ಉದ್ದಕ್ಕೆ ಒಂದು ವೈರು ಮನೆಗೆ.

ನಾನು ಲ್ಯಾಪ್‌ಟಾಪು ಹಿಡಿದು ಅಲ್ಲಿಗೆ ಹೋದೆ. ಕಿಟಕಿಯ ಜಾಲರಿಯ ಹಿಂದಿನಿಂದ ಬೆಳ್ಳಮ್ಮನ ಎರಡು ಕಣ್ಣು ಕಂಡವು.

“ಕಾಲ್ ತೊಳ್ಕಳ್ಲಾ.”

ಔಷಧಿ ನೀರಿನ ಬಾನಿಯಲ್ಲಿ ಕಾಲದ್ದಿದೆ.

“ಅದೇನ್ಲಾ ಅಂಗೆ, ಕೋಳಿ ನೀರ್ ಕುಡ್ದಂಗೆ? ಮೊಣಕಾಲ್‌ಗಂಟ ತೊಳ್ಕೊ.”

ಮೂರು ಸಲ ತೊಳೆಸಿದಳು. ಮದುವೆಯ ದಿನವೂ ನನ್ನ ಕಾಲು ಅಷ್ಟು ಶುದ್ಧವಾಗಿರಲಿಲ್ಲ. ಮಾಡೆಮ್ಮಿನ ಬುಡಕ್ಕೇ ಗಿಡ್ಡ ವೈರು ಚುಚ್ಚಿ ಅಳೆದೆ. ತೊಂಬತ್ತನಾಲ್ಕು! ಲೈನು ಕುದುರೆಯ ಹಾಗಿತ್ತು.

ಮನೆಗೆ ಬಂದು, “ಲೈನು ಸರಿಯಾಗೈತೆ. ಕಂಪ್ಯೂಟರಿಗೇ ವಯಸ್ಸಾಗೈತೆ” ಅಂದೆ.

ನಾಗಶ್ರೀ ಕೈ ಚಾಚಿ ನನ್ನ ಲ್ಯಾಪ್‌ಟಾಪನ್ನೇ ಈಸಿಕೊಂಡು ಮನೆಯ ವೈರಿಗೆ ಚುಚ್ಚಿದಳು. ಎರಡು. “ಅಲ್ಲಿ ಅದೇ ಯಂತ್ರಕ್ಕೆ ತೊಂಬತ್ತನಾಲ್ಕು, ಇಲ್ಲಿ ಎರಡು. ಹಾಗಾದ್ರೆ ನಡುವೆ ಇರೋದು ವೈರು ಒಂದೇ ಅಲ್ವಾ ಅಣ್ಣ?”

ಲೆಕ್ಕ ಓದಿದವರ ಕಾಟ ಇದು. ಸುತ್ತಿ ಬಳಸಿ ಹೇಳೋದು ಗೊತ್ತಿಲ್ಲ. ಆ ವೈರನ್ನು ಎಳೆದವನು ಇಡೀ ತಾಲ್ಲೂಕಿನಲ್ಲಿ ಹೆಸರುವಾಸಿಯಾದ ಒಬ್ಬ ಗಟ್ಟಿಗ. ಯಾರು ಅಂತ ಈಗಲೇ ಬೇಡ.

“ವೈರಿಗೆ ಏನೂ ಆಗಿರಲ್ಲ. ಅಳಿಲು ಕಡಿದಿರಬೇಕು” ಅಂದು ಹೊರಟೆ. ಹೆಂಚಿನ ಮೇಲೆ ಹತ್ತಿದೆ, ತೆಂಗಿನ ಮರದ ಬುಡದಲ್ಲಿ ಬಗ್ಗಿದೆ, ಕೊಟ್ಟಿಗೆಯ ಹಿಂದೆ ತೆವಳಿದೆ. ಒಂದೊಂದು ಅಂಗುಲ ಸವರಿದೆ. ಮಹದೇವು ಕೆಳಗಿಂದ, “ಸಿಕ್ತೇನ್ಲಾ?” ಅಂತ ಕೇಳುತ್ತಿದ್ದ. “ಇದು ಮಾಮೂಲಿ ಅಳಿಲಲ್ಲ ಕಣ್ಲಾ, ಕಡಿದ ಗುರುತೇ ಬಿಟ್ಟಿಲ್ಲ” ಅಂದೆ. ಮೂರು ಗಂಟೆ ಹೊಡೆಯಿತು. ನಾಗಶ್ರೀ ಕಿಟಕಿಯಲ್ಲಿ ಗಡಿಯಾರ, ನನ್ನ ಕಡೆ, ಮತ್ತೆ ಗಡಿಯಾರ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಉಳಿದದ್ದು ವೈರಿನ ತುದಿಯ ಪ್ಲಾಸ್ಟಿಕ್ಕು ಪಿನ್ನು. ಹೊಸದು ಹಾಕೋಣ ಅಂತ ಕಂಪ್ಯೂಟರಿನ ಹಿಂದೆ ಕೂತು ಹಳೆಯದನ್ನು ಕತ್ತರಿಸಿದೆ. ಆ ವೈರಿನ ಹೊಟ್ಟೆಯಲ್ಲಿ ಬಣ್ಣಬಣ್ಣದ ಎಂಟು ತಂತಿ ಇರುತ್ತವೆ. ಪಿನ್ನಿನೊಳಗೆ ನಾಲ್ಕೇ ಇದ್ದವು.

ನಾಗಶ್ರೀ ನೋಡಿದಳಾ ಅಂತ ತಿರುಗಿ ನೋಡಿ, ಹಳೆಯ ಪಿನ್ನನ್ನು ಮೆಲ್ಲಗೆ ಮೇಜಿನ ಕೆಳಗೆ ಬಿಸಾಕಿದೆ.

ಎರಡು ವರ್ಷದ ಹಿಂದಿನ ಮಾತು. ವೈರು ಎಳೆಯುವ ದಿನ ಮಹದೇವು, “ಅವ್ವ ಕೂಗೀ ಕೂಗೀ ಗಂಟ್ಲು ಓಯ್ತಾ ಐತೆ, ಅಲ್ಲಿಂದ ಒಂದು ಬೆಲ್ಲೂ ಆಕ್ಬುಡ್ಲಾ” ಅಂದಿದ್ದ. ಬೆಲ್ಲಿಗೆ ಬೇರೆ ವೈರು ತಂದಿರಲಿಲ್ಲ. ಆಗ ಆ ಗಟ್ಟಿಗನ ತಲೆಯಲ್ಲಿ ಮಿಂಚು ಹೊಡೆಯಿತು: ಇಂಟರ್ನೆಟ್ಟಿಗೆ ನಾಲ್ಕು ತಂತಿ ಸಾಕು, ಮಿಕ್ಕ ನಾಲ್ಕು ಸುಮ್ಮನೆ ಕೂತಿವೆ, ಅವೂ ಒಂದಿಷ್ಟು ದುಡಿಯಲಿ. ಅಡುಗೆಮನೆ ಬೆಲ್ಲನ್ನು ಆ ಸೋಮಾರಿ ತಂತಿಗಳಿಗೆ ಕಟ್ಟಿ, “ಇಂಥ ಐಡಿಯಾ ಮೈಸೂರಿನ ಇಂಜಿನಿಯರ್ರಿಗೂ ಹೊಳೆಯಲ್ಲ” ಅಂದಿದ್ದೆ. ಅಂದಿದ್ದ. ಸರಿ, ಅಂದಿದ್ದೆ.

ಆಗ ಬೆಳ್ಳಮ್ಮ ಬೆಲ್ಲು ಮುಟ್ಟುತ್ತಿರಲಿಲ್ಲ, ಕೂಗುವುದೇ ಅವಳಿಗೆ ಇಷ್ಟ. ಈ ವರ್ಷ ಬಾಯಿಗೆ ಬಟ್ಟೆ ಬಂದಮೇಲೆ ಬೆರಳಿಗೆ ಕೆಲಸ ಬಂದಿತ್ತು.

ಸದ್ದಿಲ್ಲದೆ ಅದೇ ನಾಲ್ಕು ತಂತಿಗೆ ಹೊಸ ಪಿನ್ನು ಹಾಕಿ ಚುಚ್ಚಿದೆ. ಕಂಪ್ಯೂಟರಿನ ಹಿಂದೆ ವೈರು ಸೇರುವ ಕಡೆ ಪುಟ್ಟ ಹಸಿರು ದೀಪ ಹತ್ತಿತು. ಮುಳ್ಳು ತೊಂಬತ್ತಕ್ಕೆ ಏರಿತು.

“ಬಂತು!” ಅಂತ ಎದೆ ಉಬ್ಬಿಸಿದೆ.

ಟ್ರಿಂಗ್.

ದೀಪ ಆರಿತು. ಮುಳ್ಳು ಬಿತ್ತು. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಹತ್ತಿತು. ಟ್ರಿಂಗ್ ಟ್ರಿಂಗ್. ಆರಿತು.

ನಾಗಶ್ರೀ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಎದ್ದುಹೋಗಿ ಪುಸ್ತಕ ತಂದಳು. ನಾನು ಆ ಕಡೆ ಇಡು ಅಂದಿದ್ದ ಅದೇ ಪುಸ್ತಕ.

“ನಿಧಾನ ಆಗೋದು ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತರ ಹೊತ್ತಿಗೆ ಜಾಸ್ತಿ. ಹೋದ ತಿಂಗಳು ಹತ್ತನೇ ತಾರೀಕಿಂದ ಹದಿನೇಳರವರೆಗೆ. ಆಮೇಲೆ ಪೂರ್ತಿ ಚೆನ್ನಾಗಿತ್ತು. ಈಗ ಮತ್ತೆ ನಾಲ್ಕು ದಿನದಿಂದ.” ಪುಸ್ತಕ ಮುಚ್ಚಿದಳು. “ಇದು ಹುಳಕ್ಕೆ ಮೇವು ಹಾಕೋ ಹೊತ್ತು ರಾಜೇಂದ್ರಣ್ಣ. ಹೋದ ತಿಂಗಳು ಹದಿನೇಳಕ್ಕೆ ಹುಳ ಗೂಡು ಕಟ್ಟೋಕೆ ಹೋದ್ವು.”

ಅಂದರೆ ನನ್ನ ಊದಿಗೆ ವಾಸಿಯಾದದ್ದಲ್ಲ. ಹುಳ ಗೂಡಿಗೆ ಹೋದವು, ಬೆಳ್ಳಮ್ಮ ಬೆಲ್ಲು ಬಿಟ್ಟಳು, ಇಂಟರ್ನೆಟ್ಟು ಓಡಿತು. ಇದನ್ನು ಬೆಳಕವಾಡಿಯವರಿಗೆ ತಿಳಿಸಬೇಕಾದ ಅಗತ್ಯ ನನಗೆ ಇವತ್ತಿಗೂ ಕಂಡಿಲ್ಲ.

“ನನಗೂ ಅದೇ ಅನುಮಾನ ಇತ್ತು ಕಣಮ್ಮ, ನೀನು ಕಂಡುಹಿಡೀತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ” ಅಂದೆ. ಗಂಟೆ ಮೂರೂ ಮುಕ್ಕಾಲು.

ಬೆಲ್ಲು ಒತ್ತಿದಾಗಲೆಲ್ಲ ಅದರ ಕರೆಂಟು ಪಕ್ಕದ ತಂತಿಗಳ ಇಂಟರ್ನೆಟ್ಟನ್ನು ಕೆಡವುತ್ತಿತ್ತು, ಅದು ಎದ್ದು ಓಡುವಷ್ಟರಲ್ಲಿ ಇನ್ನೊಂದು ಟ್ರಿಂಗು. ರಿಪೇರಿ ಒಂದು ಕ್ಷಣದ್ದು. ಬೆಲ್ಲಿನ ಕರೆಂಟು ಡಬ್ಬಿಯನ್ನು ಸಾಕೆಟ್ಟಿನಿಂದ ಕಿತ್ತರೆ ಆಯಿತು. ಎರಡು ಗಂಟೆ ಹೆಂಚಿನ ಮೇಲೆ ತೆವಳಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾಗಿಲ್ಲ. ಕಿತ್ತೆ. ಬೆಳ್ಳಮ್ಮನಿಗೆ ಹೇಳುವ ಕೆಲಸ ಉಳಿಯಿತು. ಮಹದೇವು, “ನೀನೇ ಓಗಪ್ಪ, ನೀನ್ ಎಕ್ಸ್‌ಪರ್ಟು” ಅಂದು, ಯಾಕೆ ಏನು ಅಂತಲೂ ಕೇಳದೆ ಸೊಪ್ಪು ಕುಯ್ಯಲು ತೋಟಕ್ಕೆ ಓಡಿಬಿಟ್ಟ. ತಾಯಿಗೆ ಹೆದರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಕಾಲು ತೊಳೆದೆ. ಕೇಳದೇ ಮೊಣಕಾಲಿನವರೆಗೆ ತೊಳೆದೆ.

“ಅವ್ವಾ, ಒಂದ್ ಗಂಟೆ ಹೊತ್ತು ಬೆಲ್ ಇರಲ್ಲ. ಬೆಲ್ ಒತ್ತಿದ್ರೆ ನಾಗಶ್ರೀ ಪಾಠ ನಿಂತೋಯ್ತದೆ.”

“ನಾಲ್ಕ್ ಗಂಟೆ ಮೇವು ಕಣ್ಲಾ. ಉಳ ಅಸ್ಕೊಂಡು ತಲೆ ಎತ್ತಾವೆ. ನಾ ಎಂಗ್ ಕರೀಲಿ? ನಿಮ್ಮಪ್ಪ ಬತ್ತಾನಾ?”

“ಯಾರೋ ಕೆಲ್ಸ ಗೊತ್ತಿಲ್ದೋನು ಎರಡನ್ನೂ ಒಂದೇ ವೈರಲ್ಲಿ ಸೇರಿಸ್ಬುಟ್ಟವ್ನೆ ಅವ್ವ. ಮದ್ದೂರ್ ಕಡೆಯೋನ್ ಇರ್ಬೇಕು.”

ಜಾಲರಿಯ ಹಿಂದೆ ಬಾಯಿಗೆ ಕಟ್ಟಿದ ಬಟ್ಟೆ ಅಲ್ಲಾಡಿತು. ಬೆಳ್ಳಮ್ಮ ನಗುತ್ತಿದ್ದಳು ಅಂತ ಆಮೇಲೆ ಹೊಳೆಯಿತು.

“ಮದ್ದೂರೋನಾ? ಇದೇ ಜಗ್ಲಿ ಮೇಲೆ ನಿಂತ್ಕೊಂಡು, ‘ಮೈಸೂರ್ ಇಂಜಿನೇರ್‌ಗೂ ವೊಳಿಯಾಕಿಲ್ಲ’ ಅಂದಿದ್ದು ಮದ್ದೂರೋನಾ? ಅವತ್ತು ನಾಲ್ಕ್ ಬಾಡ್ನುಂಡೆ ಜಾಸ್ತಿ ಇಕ್ಕುಸ್ಕೊಂಡು ತಿಂದಿದ್ದು ಮದ್ದೂರೋನಾ? ನಂಗೆ ಕಣ್ಣು ಮಂಜು ಕಣ್ಲಾ, ಕಿವಿ ಅಲ್ಲ.”

ನಾನು ಬಾನಿಗೆ ಬಗ್ಗಿ ಇನ್ನೊಂದು ಸಲ ಕಾಲು ತೊಳೆದೆ.

“ನನ್ ಸೊಸೆ ಎರಡ್ ವರ್ಸ್ದಿಂದ ಒಳ್ಗೊಳ್ಗೇ ಬಾಡ್ತಾವ್ಳೆ. ಇವತ್ತು ಅವ್ಳ್ ಪಾಠ ನಿಲ್ಲಕೂಡ್ದು. ನನ್ ಉಳ ಅಸ್ಕೊಳಕೂಡ್ದು. ಬೆಲ್ಲು ಕಿತ್ತೋನೇ ಬೆಲ್ಲಾಗ್ಲಿ. ಇಲ್ದಿದ್ರೆ ಪಾಠ ಕೆಡ್ಸಿದ್ದು ನೀನ್ ಕಟ್ಟಿದ್ ಬೆಲ್ಲೇಯ ಅಂತ ಮಾದೇವುಂಗೆ ಯೋಳ್ತೀನಿ. ಅವ್ನು ಅಲ್ಗೂರ್ ಬಸ್ ಸ್ಟಾಪಲ್ಲಿ ಯೋಳ್ತಾನೆ.”

ಹೀಗಾಗಿ ನಾಲ್ಕು ಗಂಟೆಗೆ, ಮಳವಳ್ಳಿ ತಾಲ್ಲೂಕಿನ ಅದ್ವಿತೀಯ ಇಂಟರ್ನೆಟ್ ತಜ್ಞ ಹುಳದ ಮನೆಯ ಹೊಸಲಲ್ಲಿ ನಿಂತ. ಬೆಳ್ಳಮ್ಮ ಒಳಗಿಂದ ಬಾಗಿಲು ಒಂದು ಸಲ ತಟ್ಟಿದರೆ ತೋಟಕ್ಕೆ ಓಡಿ ಸೊಪ್ಪಿನ ಹೊರೆ ತರಬೇಕು. ಎರಡು ಸಲ ತಟ್ಟಿದರೆ ಹಿಂದಿನ ಬಾಗಿಲಿನಿಂದ ಕಾಫಿ. ಪ್ರತಿ ಸಲವೂ ಕಾಲು ತೊಳೆಯಬೇಕು. ಒಂದೊಂದು ಹೊರೆ ಒಂದೊಂದು ಕ್ವಿಂಟಾಲಿತ್ತು. ಇಲ್ಲ ಅನ್ನುವವರು ಹೊತ್ತು ನೋಡಲಿ. ಒಳಗೆ ಎಂಬತ್ತು ಸಾವಿರ ಹುಳ ಸೊಪ್ಪು ಕಡಿಯುವ ಸದ್ದು, ನನ್ನನ್ನೇ ಆಡಿಕೊಳ್ಳುವ ಪಿಸುಮಾತಿನ ಹಾಗೆ ಕೇಳುತ್ತಿತ್ತು.

ಓಡುವಾಗ ಪ್ರತಿ ಸಲ ನಡುಮನೆಯ ಕಿಟಕಿ ದಾಟಬೇಕು. ನಾಗಶ್ರೀಯ ದನಿ ಕೇಳುತ್ತಿತ್ತು. “ಒಂದು ಹೊರೆ ಸೊಪ್ಪನ್ನ ಎಂಟು ತಟ್ಟೆಗೆ ಸಮವಾಗಿ ಹಾಕಿದ್ರೆ ಒಂದು ತಟ್ಟೆಗೆ ಎಷ್ಟು ಪಾಲು?” ಅಂತ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ದನಿ ಒಂದೇ ಸಮ ಹರಿಯುತ್ತಿತ್ತು. ನಾನು ಕಾಯುತ್ತಿದ್ದದ್ದು ಒಂದೇ ಮಾತಿಗೆ, ಆ ಮಾತು ಬರದೇ ಇರಲಿ ಅಂತ.

ಐದನೇ ಹೊರೆ ಹೊತ್ತು ಕಿಟಕಿಯ ಕೆಳಗೆ ಬಂದಾಗ ಬಂತು.

“ಕೇಳಿಸ್ತಾ ಇದೆಯಾ?”

ಹೊರೆ ತಲೆಯ ಮೇಲೇ ಇತ್ತು. ಅಲ್ಲೇ ನಿಂತೆ. ಆ ಗಳಿಗೆಯಲ್ಲಿ ನಾನು ಯಾವ ಗಟ್ಟಿಗನೂ ಆಗಿರಲಿಲ್ಲ. ಇಪ್ಪತ್ತಮೂರು ಸಲ ಆ ಮಾತು ಕೇಳಿ ಸೋತವಳ ಕೆಲಸವನ್ನು ನಾಲ್ಕು ತಂತಿಗೆ ತಿನ್ನಿಸಿದವನು ನಾನೇ ಅನ್ನುವುದು, ಮೊದಲ ಸಲ, ಉತ್ಪ್ರೇಕ್ಷೆ ಇಲ್ಲದೆ ಗೊತ್ತಾಯಿತು.

“ಪರದೆ ಮೇಲೆ ಮೂರನೇ ಸಾಲಿನಲ್ಲಿರೋ ಗೌತಮಿ, ನಿಮಗೇ ಕೇಳ್ತಿರೋದು. ಕೇಳಿಸ್ತಾ ಇದೆಯಾ? ಆಕಳಿಸೋದು ನನಗೆ ಕಾಣ್ತಾ ಇದೆ.”

ಯಾವುದೋ ಊರಿನ ಮಗುವೊಂದು, “ಕೇಳಿಸ್ತಾ ಇದೆ ಮಿಸ್, ಎಂಟನೇ ಒಂದು” ಅಂದಿತು. ಸ್ವಚ್ಛವಾಗಿ, ಪಕ್ಕದಲ್ಲೇ ನಿಂತು ಹೇಳಿದ ಹಾಗೆ.

ಹುಳದ ಮನೆಯ ಬಾಗಿಲು ದಬದಬ ಮೂರು ಸಲ ಬಡಿಯಿತು. ಮೂರು ಅಂದರೆ ಏನು ಅಂತ ನಿಮಗೆ ಗೊತ್ತು. ಓಡಿದೆ.

ಐದು ಗಂಟೆಗೆ ನಾಗಶ್ರೀ ಹೊರಗೆ ಬಂದಳು. ಮೊದಲು ಅತ್ತೆಯ ಜಾಲರಿಯ ಹತ್ತಿರ ಹೋದಳು. “ಅತ್ತೆ, ನಾಳೆಯಿಂದಲೇ ಸೇರ್ಕೊಳಿ ಅಂದ್ರು. ದಿನಾ ನಾಲ್ಕರಿಂದ ಏಳು.” ಆಮೇಲೆ ಅವಳು ಅತ್ತಳು ಅನ್ನುತ್ತಾನೆ ಮಹದೇವು, ನಕ್ಕಳು ಅನ್ನುತ್ತೇನೆ ನಾನು. ಬೆಳ್ಳಮ್ಮ ಮಾತ್ರ ಒಳಗಿಂದ, “ಸೀರೆ ಬದ್ಲಾಯ್ಸವ್ವ, ಸೊಪ್ಪಿನ್ ಕರೆ ಅಂಟ್ಕಂಡಾತು” ಅಂದಳು.

ಮಹದೇವು ನನ್ನ ಬೆನ್ನು ತಟ್ಟಿದ. “ಏನಾಗಿತ್ಲಾ ಕೊನೆಗೂ?”

“ಅದು ದೊಡ್ಡ ವಿಷಯ ಕಣ್ಲಾ. ಕಂಬದಿಂದ ಸಿಡ್ಲು...” ಅಂತ ಶುರುಮಾಡಿದೆ. ಒಳಗಿಂದ ಬೆಳ್ಳಮ್ಮ ಬಾಗಿಲನ್ನು ಮೆಲ್ಲಗೆ ಒಂದು ಸಲ ತಟ್ಟಿದಳು. ಅದು ಸೊಪ್ಪಿಗಲ್ಲ ಅಂತ ನನಗೆ ಅರ್ಥವಾಯಿತು. “...ಬೇಡ ಬುಡು, ನಿಂಗರ್ಥ ಆಗಲ್ಲ” ಅಂದೆ.

ಮರುದಿನವೇ ಬೆಲ್ಲಿಗೆ ಬೇರೆ ವೈರು ಹಾಕುತ್ತೇನೆ ಅಂದೆ. ಬೆಳ್ಳಮ್ಮ ಒಪ್ಪಲಿಲ್ಲ. ಗೋಡೆ ಕೊರೆದರೆ ಧೂಳು, ಧೂಳೆದ್ದರೆ ಹುಳಕ್ಕೆ ರೋಗ. ಹುಳ ಗೂಡು ಕಟ್ಟಿದ ಮೇಲೆಯೇ ಮೊಳೆ ಮುಟ್ಟಬೇಕು. ಅದಕ್ಕೆ ಇನ್ನೂ ನಾಲ್ಕು ದಿನ. ಆ ನಾಲ್ಕೂ ದಿನ ಸಂಜೆ ನನ್ನ ಅಂಗಡಿಯ ಬಾಗಿಲು ಯಾಕೆ ಮುಚ್ಚಿತ್ತು ಅಂತ ಹಲಗೂರಿನವರು ಕೇಳಿದರು. ‘ದೊಡ್ಡ ಕಂಪನಿಯೊಂದರ ಲೈನು ನೋಡಿಕೊಳ್ಳೋಕೆ ಕರೆದಿದ್ದಾರೆ’ ಅಂದೆ. ಸುಳ್ಳೇನಿಲ್ಲ.

ಐದನೇ ದಿನ ಹೊಸ ವೈರು ಎಳೆಯಲು ಹೋದಾಗ ಮಾಡೆಮ್ಮಿನ ಹತ್ತಿರ ಒಂದು ಚೀಟಿ ಅಂಟಿಸಿತ್ತು. ಕಪ್ಪು ಹಲಗೆಯ ಮೇಲೆ ಬರೆದಂಥ ದುಂಡಗಿನ ಅಕ್ಷರ: ‘ಇದು ಪಾಠದ ವೈರು. ಇದಕ್ಕೆ ಯಾರೂ ಇನ್ನೇನನ್ನೂ ಸೇರಿಸಬಾರದು. ಮುಖ್ಯವಾಗಿ ರಾಜೇಂದ್ರಣ್ಣ.’

ಬೆಳ್ಳಮ್ಮ ಹೇಳಿರಲಿಕ್ಕಿಲ್ಲ. ಕತ್ತರಿಸಿ ಬಿಸಾಕಿದ ಹಳೆಯ ಪಿನ್ನನ್ನು ಆ ಲೆಕ್ಕದ ಮೇಡಂ ಎತ್ತಿ ಎಣಿಸಿರಬೇಕು. ನಾನು ಅದರ ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟು ಹಾಕಿ, ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಬಂದವರೆಲ್ಲ ಓದಿ ತಲೆದೂಗುತ್ತಾರೆ. ‘ಮುಖ್ಯವಾಗಿ’ ಅನ್ನುವಲ್ಲಿ ಮಾತ್ರ ಒಂದು ರೀಚಾರ್ಜ್ ಸ್ಟಿಕ್ಕರು ಅಂಟಿದೆ. ಅದರ ಕೆಳಗೆ ನನ್ನ ಹೆಸರು, ಸಹಿ ಹಾಕಿದ ಹಾಗೆ, ಲಕ್ಷಣವಾಗಿ ಕಾಣುತ್ತದೆ.